ಗರಗಸ ಮೀನು

ಸೇತುವೆಯ ನಡುವೆ ಕಂಟೇನರ್ ಅಡ್ಡ ನಿಲ್ಲಿಸಿದ್ದಾರೆ,
ಹಡಗಿನ ಪೆಟ್ಟಿಗೆ, ಕಡಲೇ ಕಾಣದ ಊರಿನಲ್ಲಿ.
ಗಾಯಾದ ಈ ದಡದಲ್ಲಿ ನನ್ನ ಹನ್ನೊಂದು ಮೂಟೆ ಈರುಳ್ಳಿ
ಲಾರಿಯ ಮೇಲೆ ಬೆವರುತ್ತಿದೆ.

ಮೊನ್ನೆಯವರೆಗೆ ನಾವೊಂದು ಒಕ್ಕೂಟ.
ಹಾಗಂತ ಸುಂಕದ ಕಟ್ಟೆಯ ಗೋಡೆಯ ಮೇಲೆ ಬರೆದಿತ್ತು,
ಹಸಿರು ಬಣ್ಣದಲ್ಲಿ: ಜನಕ್ಕೂ ಸರಕಿಗೂ ತಡೆಯಿಲ್ಲ.
ತಡೆ ಇತ್ತು. ಅದರ ಬೆಲೆ ಐನೂರು ಫ್ರಾಂಕ್,
ಸಾರ್ಜೆಂಟ್ ಮಾಮಾನೆ ಅದನ್ನು ಚಹಾ ಎನ್ನುತ್ತಿದ್ದ.
ಕೊಡುತ್ತಿದ್ದೆವು, ಬೈಯುತ್ತಿದ್ದೆವು, ದಾಟುತ್ತಿದ್ದೆವು.
ಈಗ ಅವನು ಚಹಾ ಕೇಳುವುದಿಲ್ಲ.
ಮುಖ ಕೊಟ್ಟು ನೋಡುವುದೂ ಇಲ್ಲ.
ಅದೇ ನನಗೆ ಹೆದರಿಕೆ.

ರೇಡಿಯೋದವನು ಹೇಳುತ್ತಾನೆ: ಹೊರಬಂದಿದ್ದೇವೆ.
ಎಲ್ಲಿಂದ, ಮಗಾ? ನಾನು ಇಲ್ಲೇ ಕೂತಿದ್ದೇನೆ.
ಹೊಸ ಕೂಟವಂತೆ, ಹೊಸ ಬಾವುಟವಂತೆ,
ಒಬ್ಬರ ಮೇಲೆ ಬಿದ್ದರೆ ಮೂವರ ಮೇಲೂ ಬಿದ್ದಂತೆ.
ಮೂಟೆ ಬಿದ್ದರೆ ಎತ್ತಲು ಯಾರು ಬರುತ್ತಾರೆ
ಅಂತ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.
ನನ್ನ ಸೋದರಳಿಯನೂ ಬಂದೂಕು ಹಿಡಿದು
ಮರಳುಗಾಡಿನ ಅಂಚಿನಲ್ಲಿ ಎಲ್ಲೋ ಇದ್ದಾನೆ,
ಅವನ ಪಕ್ಕ ಯಾರಾದರೂ ನಿಂತರೆ ನನಗೆ ಬೇಡವೇ?

ಆದರೆ ಆ ದಡ ಮಾಲನ್‌ವಿಲ್. ಅಲ್ಲಿ ನನ್ನ ತಂಗಿ ಸಲಮಾತು.
ನಾವು ಹೆಣ್ಣು ಕೊಟ್ಟ ಊರು, ಹೆಣ್ಣು ತಂದ ಊರು.
ಆ ಬೀಗತನಕ್ಕೆ ಯಾರೂ ಸಹಿ ಹಾಕಿರಲಿಲ್ಲ;
ಕೋಲಾ ಕಾಯಿ ಹಂಚಿದ್ದರು, ಅಷ್ಟೇ.
ಅವಳಿಗೆ ಮೊಮ್ಮಗಳು ಹುಟ್ಟಿ ಆರು ದಿನ.
ಏಳನೆಯ ದಿನ ಹೆಸರು.

ರಾತ್ರಿ ಹರೂನಾನ ದೋಣಿ ಹತ್ತಿದೆ.
ಮೂಟೆಯಲ್ಲ, ಮಡಿಲಲ್ಲಿ ಕಟ್ಟಿಕೊಂಡ ನೇರಳೆ ಗಡ್ಡೆ ಹದಿನಾರು.
ನೀರಾನೆ ಉಸಿರುಬಿಡುವಲ್ಲಿ ಅವನು ಹುಟ್ಟು ಎತ್ತಿ ಹಿಡಿದ,
ನಾನು ಬಾಯಿಗೆ ಸೆರಗು ಒತ್ತಿದೆ.
ಆ ಕಡೆಯಿಂದ ಟಾರ್ಚಿನ ಬೆಳಕೊಂದು ನಮ್ಮ ಮೇಲೆ ಹಾಯಿತು.
ಹಿಂದಿರುಗಿದೆವು. ಹೆಸರಿಡುವ ಹಗಲೆಲ್ಲ ಈ ದಡದಲ್ಲೇ ಕಳೆಯಿತು.
ಮರುರಾತ್ರಿ ಮತ್ತೆ.

ತಲುಪಿದಾಗ ಎಂಟನೆಯ ದಿನದ ನಸುಕು.
ಟಗರು ಮುಗಿದಿತ್ತು, ಅಂಗಳದಲ್ಲಿ ಮೂಳೆಗೆ ನಾಯಿಗಳು.
ಕೂಸು ನಿದ್ದೆಯಲ್ಲಿತ್ತು.
ಹೆಸರೇನು ಎಂದೆ.
ತಂಗಿ ನಗಲಿಲ್ಲ. "ನೀನು ಬರಲಿಲ್ಲವಲ್ಲ,
ನಿನ್ನದೇ ಇಟ್ಟೆವು" ಅಂದಳು.

ಹರೂನಾನಿಗೆ ಎರಡು ಸಾವಿರ ಎಣಿಸಿದೆ.
ಮೊದಲು ಇನ್ನೂರಿತ್ತು; ಜಗಳಾಡಿದೆ, ಕೊಟ್ಟೆ.
ಎರಡೂ ದಡದಲ್ಲಿ ಅದೇ ನೋಟು ಇನ್ನೂ ನಡೆಯುತ್ತದೆ,
ಅದರ ಮೇಲೆ ಅದೇ ಗರಗಸ ಮೀನು.
ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.
ಮೂವತ್ತು ವರ್ಷ ಬಲೆ ಬೀಸಿದ್ದಾನಂತೆ ಈ ಹೊಳೆಯಲ್ಲಿ,
ಒಂದೂ ಸಿಕ್ಕಿಲ್ಲ.