ನೀರಿಗಿಂತ ಒಂದು ಹೆಜ್ಜೆ ಮುಂದೆ

ಅವಳ ಊರಲ್ಲಿ ಬೀದಿಗಳೇ ನೀರಂತೆ.
ಪಳನಿಯಮ್ಮನ ಚಾದಂಗಡಿಯ ಬೆಂಚಿನಲ್ಲಿ ಕೂತು
ಮೊಬೈಲಿನಲ್ಲಿ ತೋರಿಸಿದಳು:
ಕಲ್ಲಿನ ಕಮಾನು, ಕಮಾನಿನಡಿ ದೋಣಿ,
ದೋಣಿ ತುಂಬ ಕೊಡೆ ಹಿಡಿದ ಪರದೇಶದವರು,
ಮುನ್ನೂರು ಚಿಲ್ಲರೆ ಮೆಟ್ಟಿಲಿನ ಗಂಟೆಗೋಪುರ,
ಕಿಟಕಿಯ ಪಕ್ಕ ದಾರದಲ್ಲೇ ಹೂ ಹೆಣೆಯುವ ಮುದುಕಿ.
"ಮೂರು ದಿನ ಸಾಕು, ನೋಡಿ ಮುಗಿಯತ್ತೆ" ಅಂದಳು
ಮೈಸೂರಿನಲ್ಲಿ ಕಲಿತ ಕನ್ನಡದಲ್ಲಿ.
"ಈಗ ನಿಮ್ಮ ಕಾಲುವೆ ತೋರಿಸಿ."

ನಾನು ಬಸವಣ್ಯಪ್ಪ, ನೀರಗಂಟಿ.
ಇಪ್ಪತ್ತಾರು ವರ್ಷ ತೂಬು ಎತ್ತಿದ್ದೇನೆ, ಇಳಿಸಿದ್ದೇನೆ,
ಬೈಸಿಕೊಂಡಿದ್ದೇನೆ ಎರಡಕ್ಕೂ.
ಶಿವಮೊಗ್ಗದಲ್ಲಿ ಅದನ್ನು ಯಾರೂ ಕಾಲುವೆ ಅನ್ನುವುದಿಲ್ಲ,
ಚಾನಲ್ ಅನ್ನುತ್ತಾರೆ, ಟೀವಿಯದ್ದಕ್ಕೂ ಅದೇ ಹೆಸರು.
ಅದನ್ನು ನೋಡಲೆಂದೇ ಯಾರೂ ಬಂದದ್ದಿಲ್ಲ,
ಎಮ್ಮೆ ಕಳೆದುಕೊಂಡವರನ್ನು ಬಿಟ್ಟರೆ,
ಮನೆಯಲ್ಲಿ ಜಗಳವಾಡಿ ಬಂದವರನ್ನು ಬಿಟ್ಟರೆ.

ಲೀಸ್‌ಬೆತ್ ಅಂತ ಹೆಸರು. ಸಕ್ರೆಬೈಲಿನಲ್ಲಿ
ಆನೆಯ ಕಾಲುಗುರಿನ ಬಗ್ಗೆ ಏನೋ ಓದುತ್ತಿದ್ದಳು.
ನನ್ನ ಬಾಯಲ್ಲಿ ಲೀಸಮ್ಮ ಆದಳು, ಬೇಡ ಅನ್ನಲಿಲ್ಲ.

ಡಿಸೆಂಬರು. ನೀರು ನಿಲ್ಲಿಸಿ ಹೂಳೆತ್ತುವ ಕಾಲ.
ಗೋಪಾಳದ ಹತ್ತಿರ ಏರಿ ಇಳಿದು
ಒಣಗಿ ಬಿರಿದ ತಳದಲ್ಲಿ ನಡೆದೆವು.
ನಾನು ಗೈಡಿನ ಹಾಗೆ ಕೈಯೆತ್ತಿದೆ:
ಎಡಕ್ಕೆ ನೋಡಿ, ಹಾಲಮ್ಮನ ಕಲ್ಲು,
ನಲವತ್ತು ವರ್ಷ ಊರಿನ ಸೀರೆ ಕುಕ್ಕಿ
ನಡುವೆ ಬೋಗುಣಿಯಷ್ಟು ಸವೆದಿದೆ.
ಬಲಕ್ಕೆ ಜಬಿವುಲ್ಲಾ ಈಜು ಕಲಿತ ಮೋರಿಕಟ್ಟೆ,
ನಾನೇ ನೂಕಿದ್ದು, ಇನ್ನೂ ಮಾತು ಬಿಟ್ಟಿದ್ದಾನೆ.
ಇದು ಹೋದ ವರ್ಷದ ಗಣಪತಿಯ ಹುಲ್ಲಿನ ಎದೆ.
ಇದು ಯಾರದೋ ಸೈಕಲ್ಲು.

ಅವಳು ಬಗ್ಗಿ ಬೆಲ್ ಒತ್ತಿದಳು.
ಕೆಸರಿನ ಗಂಟಲಲ್ಲಿ ಒಂದು ಸಲ ಟ್ರಿಣ್ ಅಂದಿತು.
"ನಮ್ಮಲ್ಲೂ! ನೀರು ತೆಗೆದಾಗ, ಸೈಕಲ್!"
ಅಷ್ಟೇ.
ಎರಡು ಊರು ಬೀಗರಾದವು.

ಸಂಜೆ ಪುಸ್ತಕ ತೆಗೆದು ಲೆಕ್ಕ ಬರೆದಳು:
ಶಿವಪ್ಪನಾಯಕನ ಅರಮನೆ, ಒಂದು ಗಂಟೆ.
ಹೊಳೆ ನಡುವಿನ ಕೋರ್ಪಲಯ್ಯನ ಮಂಟಪ, ದಂಡೆಯಿಂದಲೇ, ಅರ್ಧ.
ಆನೆ ಸ್ನಾನ, ಬೆಳಿಗ್ಗೆ ಬೇಗ.
"ಚಾನಲ್ಲಿಗೆ ಎಷ್ಟು ಹೊತ್ತು?"
ನನಗೆ ಉತ್ತರ ಹೊಳೆಯಲಿಲ್ಲ.
ನೀರು ಬರುವ ದಿನ ಹೇಳ್ತೀನಿ ಅಂದೆ.

ಸಂಕ್ರಾಂತಿ ಕಳೆದು ಮೂರನೆಯ ದಿನ
ಗಾಜನೂರಿನಿಂದ ಫೋನು: ಗೇಟು ಎತ್ತಿದ್ವಿ.
ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದೆ.
ತಳದಲ್ಲಿ ನಿಂತು ಕಾದೆವು. ಏನೂ ಇಲ್ಲ.
ಒಂದು ಕಾಗೆ. ಕ್ರಿಕೆಟ್ ಆಡುವ ಹುಡುಗರು,
ಅವರ ಮೂರು ಕಡ್ಡಿ ವಿಕೆಟ್ಟು.
ಆಮೇಲೆ ಇರುವೆಗಳು ಸಾಲು ಬಿಟ್ಟು ಏರಿ ಹತ್ತಿದವು.

ಬಂತು.
ಅಬ್ಬರವಿಲ್ಲ, ಅಲೆಯಿಲ್ಲ,
ನೆಲ ನೆಕ್ಕುವ ಕರುವಿನ ನಾಲಿಗೆಯ ಹಾಗೆ,
ತುದಿಯಲ್ಲಿ ತರಗೆಲೆ, ಬೂದಿಬಣ್ಣದ ನೊರೆ,
ಒಂದು ಗುಟ್ಕಾ ಚೀಟಿ, ಗಾಬರಿಯಾದ ಜೇಡ.
ಪ್ರತಿ ಬಿರುಕಿನ ಬಾಯಿಗೂ ನಿಂತು ಕುಡಿಸಿ
ಮತ್ತೆ ಮುಂದಕ್ಕೆ.

ಫೋಟೋ ತೆಗೆಯುತ್ತಾಳೆ ಅಂದುಕೊಂಡೆ.
ಚಪ್ಪಲಿ ಬಿಟ್ಟಳು. ನೀರಿಗೆ ಮುಖ ಕೊಟ್ಟು
ಹಿಮ್ಮುಖವಾಗಿ ನಡೆದಳು, ಹೊಸಮನೆಯ ತನಕ,
ಹುಡುಗರೂ ವಿಕೆಟ್ಟು ಕಿತ್ತುಕೊಂಡು ಹಾಗೇ,
ನೀರಿಗಿಂತ ಒಂದೇ ಹೆಜ್ಜೆ ಮುಂದೆ.
"ನಮ್ಮ ನೀರು ಬರಲ್ಲ" ಅಂದಳು. "ಇರತ್ತೆ."

ಇನ್ನೇನೋ ಹೇಳುವವಳಿದ್ದಳು.
ಅಷ್ಟರಲ್ಲಿ ಏಳನೆಯ ತೂಬಿನಲ್ಲಿ
ಹಾರೆ ಹಿಡಿದು ಇಬ್ಬರು ಕೂಗಾಡುವುದು ಕೇಳಿ ನಾನು ಓಡಿದೆ.

ಚಪ್ಪಲಿ ನೆನಪಾದಾಗ ಮೊಳಕಾಲುದ್ದ ನೀರು.
ಹೊನ್ನಾಳಿ ಕಡೆಯ ಯಾವುದೋ ಗದ್ದೆಗೆ ಹೋಗಿರಬೇಕು,
ಇಲ್ಲವಾದರೆ ಬರುವ ಡಿಸೆಂಬರಿನಲ್ಲಿ
ಎಡಕ್ಕೆ ನೋಡಿ, ಅಂತ
ಯಾರಿಗಾದರೂ ತೋರಿಸಿಯೇನು.