ಇಲಿಯ ಕಾಲಂ

ಮೈನಸ್ ಮೂವತ್ತೆರಡು. ಉಲಾನ್‌ಬಾತರಿನ ಗುಡ್ಡದ ಮೇಲೆ
ಡೇರೆಮನೆಗಳ ಒಲೆ ಒಂದೊಂದೂ ತನ್ನ ಹೊಗೆಯ ಕಂಬ ನೆಟ್ಟಿದೆ.
ನನ್ನ ಕೋಣೆಯಲ್ಲಿ ಬೆಚ್ಚಗಿರುವುದು ಲ್ಯಾಪ್‌ಟಾಪಿನ ಹೊಟ್ಟೆಯೊಂದೇ;
ಅಂಗೈ ಅದರಡಿಗೆ ತೂರಿಸಿ ಕೂತಿದ್ದೇನೆ.

ಒಳಗೆ ಒಂದು ಶಿಶುವಿಹಾರ
ರಾತ್ರಿಯಿಡೀ ಕಟ್ಟಿಕೊಳ್ಳುತ್ತಿದೆ, ಕೆಡವಿಕೊಳ್ಳುತ್ತಿದೆ.
ಇಟ್ಟಿಗೆಯ ಗೋಡೆ: ಕೆಡವು.
ನೊರೆ ಕಾಂಕ್ರೀಟು: ಕೆಡವು.
ಥರ್ಮೋಕೋಲ್ ತುಂಬಿದ ತಗಡು: ಇರಲಿ, ಸದ್ಯಕ್ಕೆ.
ನಾಲ್ಕು ಸಾವಿರದ ಆರುನೂರು ಸಲ
ಅದೇ ನಲವತ್ತು ಮಕ್ಕಳನ್ನು ಹೊರಗೆ ನಿಲ್ಲಿಸಿ ಒಳಗೆ ಕರೆದೆ.
ಒಬ್ಬರಿಗೂ ನೆಗಡಿಯಾಗಲಿಲ್ಲ.

ಬೆಳಗಿನ ಜಾವ ಪರದೆಯ ಮೇಲೆ ಒಂದು ಗೆರೆ ಬಾಗಿ ನಿಂತಿತು.
ಅದರ ಮೇಲೆ ಸಿಗುವುದಕ್ಕೆಲ್ಲ ಸುಂಕವುಂಟು:
ಕಾವು ಬೇಕೇ, ಕಾಸು ಬಿಡು,
ಕಾಸು ಉಳಿಯಿತೇ, ಕಲ್ಲಿದ್ದಲು ಸುಡು.
ಗೆರೆಯ ಈಚೆ ದಡ್ಡತನ. ಆಚೆ ಬರೀ ಆಸೆ.

ಬೆಲೆಗೆ ಆರಾಣೆ ತೂಕ ಕೊಟ್ಟರೆ ಥರ್ಮೋಕೋಲ್ ಗೆಲ್ಲುತ್ತದೆ.
ಐದಾಣೆ ಕೊಟ್ಟು ಉಳಿದೊಂದನ್ನು ಹೊಗೆಯ ತಟ್ಟೆಗೆ ಹಾಕಿದರೆ
ಸೆಲೆಂಗೆ ಸೀಮೆಯ ಗೋಧಿಹುಲ್ಲು.
ಒಂದಾಣೆ. ಬೆರಳಿನ ಒಂದು ಒತ್ತು.

"ಮಾಡೆಲ್ ಏನನ್ನುತ್ತೆ?" ಫೋನಿನಲ್ಲಿ ಗಾಲ್ಸನ್.
ಅದು ಏನೂ ಅನ್ನುವುದಿಲ್ಲ,
ನಾನು ಪಿಸುಗುಟ್ಟಿದ್ದನ್ನೇ ಮೈಕು ಹಿಡಿದು ಕೂಗುತ್ತದೆ,
ಎನ್ನಬೇಕಿತ್ತು.
"ಇನ್ನೂ ಓಡ್ತಾ ಇದೆ" ಎಂದೆ.

ಕಾರಿನ ಡಿಕ್ಕಿಯಲ್ಲಿ ಒಂದು ಹುಲ್ಲಿನ ಪಿಂಡಿ ಒಯ್ದೆ.
ಅಲ್ಲಿ ಒಲೆ ಕಾಯುವ ದುಲ್ಮಾ
ಒಂದೆಳೆ ಕಿತ್ತು, ಮೂಸಿ, ಹಲ್ಲಿನ ಸಂದಿಗಿಟ್ಟು ಜಗಿದಳು.
"ಇದು ಗೋಡೆಯಾ?"
ಅಂಕಿ ಹೇಳಿದೆ, ಗ್ರಾಫು ತೋರಿಸಿದೆ.
ಮಸಿ ಹತ್ತಿದ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದಳು.
"ಇಲಿ?" ಎಂದಳು.

ಹನ್ನೊಂದು ಕಾಲಂ ಇದ್ದವು ನನ್ನ ಬಳಿ.
ಕಾವಿಗೆ, ತೇವಕ್ಕೆ, ಬೆಂಕಿಗೆ, ಭೂಮಿ ನಡುಗುವುದಕ್ಕೆ,
ಗಡಿಯಲ್ಲಿ ಲಾರಿ ಕಾಯುವ ದಿನಗಳಿಗೂ.
ಇಲಿಗೆ ಇರಲಿಲ್ಲ.

ಆಕೆಗೆ ಗೊತ್ತಿತ್ತು ಜನವರಿಯ ಇಲಿ ಎಷ್ಟು ಗೇಣು ಕೊರೆಯುತ್ತದೆಂದು,
ಸುಣ್ಣ ಮೂರು ಬೆರಳು ದಪ್ಪವಿದ್ದರೆ ಎಲ್ಲಿ ಸೋಲುತ್ತದೆಂದು.
ಮತ್ತೆ, ಬೂಟಿನ ತುದಿಯಲ್ಲಿ ಹಿಮ ಕೆದಕುತ್ತ,
"ಮಧ್ಯಾಹ್ನ ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಮಲಗ್ತಾವೆ.
ಅಷ್ಟೆತ್ತರ ನುಣ್ಣಗಿರಲಿ."

ಹನ್ನೆರಡನೆಯ ಕಾಲಂ ಸೇರಿಸಿದೆ.
ಮೂರು ಬೆರಳು ಸುಣ್ಣ, ತಂತಿಯ ಬಲೆ, ಕೂಲಿ ನಾಲ್ಕು ದಿನ.
ಹದಿಮೂರನೆಯದಕ್ಕೆ ಬೆನ್ನು ಎಂದು ಹೆಸರಿಟ್ಟು
ಅಳತೆ ತಿಳಿಯದೆ ಖಾಲಿ ಬಿಟ್ಟೆ.
ಮತ್ತೆ ಓಡಿಸಿದೆ.

ಹುಲ್ಲು ಗೆರೆಯಿಂದ ಈಚೆಗೆ ಬಿತ್ತು.
ಕೂದಲೆಳೆಯಷ್ಟು ಈಚೆಗೆ.
ಈಗ ಯಾವ ಆಣೆ ಎಲ್ಲಿ ಹಾಕಿದರೂ ತಕ್ಕಡಿ ಅದನ್ನು ಎತ್ತುವುದಿಲ್ಲ.

ವರದಿಯ ನಮೂನೆಯಲ್ಲಿ ಮೊದಲೇ ಅಚ್ಚಾಗಿದೆ:
ಈ ಸಾಮಗ್ರಿಯನ್ನು ಮಾಡೆಲ್ ಆರಿಸಿದೆ.
ಒಂದು ಪದ ಅಳಿಸಿದ್ದೇನೆ.
ಕರ್ತೃಪದದ ಜಾಗದಲ್ಲಿ ಕರ್ಸರು
ಮಿಟುಕುತ್ತಿದೆ, ಮಿಟುಕುತ್ತಿದೆ.
ಮೇಜಿನ ಮೇಲೆ ದುಲ್ಮಾ ಜಗಿದು ಬಿಟ್ಟ ಎಳೆ,
ತುದಿಯಲ್ಲಿ ಇನ್ನೂ ಹಲ್ಲಿನ ಗುರುತು.