ಙ ಅಕ್ಷರಕ್ಕೆ ಅಂಗಡಿಯಿಲ್ಲ

ಮಂಡ್ಯದ ಪೇಟೆ ಬೀದಿಯ ಅಕ್ಷರಗಳಿಗೆ
ಹೊಟ್ಟೆ ಬರಿಸಿದ್ದು ಪೇಂಟರ್ ಮರಿದೇವ್ರು.
ಅವರ 'ಬ' ಉಂಡು ಕೂತ ಬೀಗ,
'ಠ' ಕಣ್ಣು ಬಿಟ್ಟ ಗೂಬೆ.
ತಲೆಕಟ್ಟು ಅಂದರೆ ತಲೆಕಟ್ಟೇ,
ಒಂದೊಂದಕ್ಕೆ ಒಂದೊಂದು ರುಮಾಲು, ಓರೆಯಾಗಿ.
ಕೊಂಬು ಕೊಟ್ಟರೆ
ಹಾಯಬೇಕು ಅದು.

ನಾನು ಶಶಿರೇಖಾ. ನೂರಡಿ ರಸ್ತೆಯಲ್ಲಿ ಫ್ಲೆಕ್ಸ್ ಅಂಗಡಿ.
ಹುಟ್ಟುಹಬ್ಬ, ತಿಥಿ, ಗೆದ್ದವರು, ಗೆಲ್ಲಲಿರುವವರು,
ಹತ್ತಡಿಗೆ ಅರ್ಧ ಗಂಟೆ.
ಅವರ ಬ್ರಷ್ಷು ಒಣಗಿದ್ದರಲ್ಲಿ
ನನ್ನ ಮೆಷೀನಿನ ಪಾಲೂ ಇದೆ,
ಯಾವ ಬಿಲ್ಲಿನಲ್ಲೂ ಕಾಣಿಸದ ಪಾಲು.

ಹೋದ ವರ್ಷ 'ನೂತನ ಹೇರ್ ಡ್ರೆಸ್ಸಸ್' ಗೋಡೆ ಒಡೆಯುತ್ತಿದ್ದರು.
'ತ' ಅರ್ಧ ಉದುರಿತ್ತು,
ಉಳಿದರ್ಧ ಇನ್ನೂ ಕುಣಿಯುತ್ತಿತ್ತು.
ಅವತ್ತೇ ಸ್ಕೂಟಿ ಹತ್ತಿದೆ.
ಗೊಬ್ಬರದಂಗಡಿ, ಸೈಕಲ್ ಶಾಪು, ಬೆಲ್ಲದ ಮಂಡಿ,
ಒಂದು ಲಾರಿಯ ಬೆನ್ನು ಹತ್ತಿ ಕೆರಗೋಡಿನ ತನಕ.
ಡ್ರೈವರು ಇಳಿದು ಬಂದ: "ಏನ್ ಬೇಕವ್ವ?"
"ನಿಮ್ಮ 'ಹಾ' ಬೇಕಣ್ಣ,
ಹಿಂದ್ಗಡೆ ಹಾರನ್ ಅಂತ ಇದೆಯಲ್ಲ, ಆ 'ಹಾ'."

ಗುಣಿತ, ಒತ್ತು, ವಟ್ರಸುಳಿ,
ಎಲ್ಲಕ್ಕೂ ಗೆರೆ ಹಚ್ಚಿ ಫಾಂಟಿಗೆ ತುಂಬಿದೆ.
'ಞ' ಕೂಡ ಸಿಕ್ಕಿತು,
ಜ್ಞಾನೋದಯ ಟುಟೋರಿಯಲ್ಸಿನ ಕಾಲಡಿ
ಮುದುಡಿ ಕೂತಿತ್ತು, ಎಬ್ಬಿಸಿ ನಿಲ್ಲಿಸಿದೆ.
'ಙ' ಮಾತ್ರ ಎಲ್ಲೂ ಇಲ್ಲ.

ಲ್ಯಾಪ್‌ಟಾಪು ಹಿಡಿದು ಹೊಸಹಳ್ಳಿಯ ಮನೆಗೇ ಹೋದೆ.
'ಕನಕ ಕ್ಲಾತ್ ಸೆಂಟರ್' ಟೈಪು ಮಾಡಿ ತೋರಿಸಿದೆ.
ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ,
"ಚೆಂದಾಗದೆ," ಅಂದರು.
"ಆದ್ರೆ ಎರಡು 'ಕ'ನೂ ಅವಳಿ ಮಾಡ್ಬುಟ್ಟಿದ್ದೀಯ.
ಎರಡ್ನೇ 'ಕ' ಬರೆಯೋ ಹೊತ್ಗೆ
ಏಣಿ ಮೇಲೆ ಕಾಲು ಜೋಮು ಹಿಡ್ದಿರ್ತದೆ ಕಣವ್ವ,
ಅದೆಲ್ಲಿ?"

ಉತ್ತರ ಇರಲಿಲ್ಲ. 'ಙ' ಕೇಳಿದೆ.

"ಙ-ನಾ?
ನಲವತ್ತೊರ್ಸದಲ್ಲಿ ಒಬ್ನೂ ಕೇಳ್ಲಿಲ್ಲ.
ಆ ಹೆಸರಲ್ಲಿ ಯಾರವ್ವ ಅಂಗಡಿ ಮಡಗ್ತಾರೆ?"
ನಕ್ಕರು. ಆಮೇಲೆ ನಗಲಿಲ್ಲ.
ಮಂಚದಡಿಯ ಡಬ್ಬ ಎಳೆದರು,
ಕಲ್ಲಾಗಿದ್ದ ಬ್ರಷ್ಷನ್ನು ಟರ್ಪೆಂಟೈನಿಗೆ ಇಳಿಸಿದರು.
"ನೆನೀಲಿ. ನಾಳಿದ್ದು ಬಾ."

ನಾಳಿದ್ದು
ಹಿತ್ತಲ ಗೋಡೆಯ ತುಂಬ ಆರಡಿ 'ಙ'.
ಹಳದಿ ಮೈ, ಕೆಂಪು ನೆರಳು,
ಕರೆಯದ ಮದುವೆಗೆ
ಮೈತುಂಬ ಸಿಂಗರಿಸಿಕೊಂಡು ಬಂದ ಸೋದರತ್ತೆ.
ಬಲಗಡೆ ಬಣ್ಣ ಒಂದು ಗೇಣು ಸೋರಿತ್ತು.
ಪಕ್ಕದ ಮನೆ ಹುಡುಗರು ಅದನ್ನು
ಮೂಗಿನಲ್ಲಿ ಅಂದು, ಅನಿಸಿ, ಓಡುತ್ತಿದ್ದರು.

ಹಳೇ ಬಿಲ್ ಬುಕ್ಕಿನ ಧೂಳು ಊದಿ ಬರೆದುಕೊಟ್ಟರು:
ಙ, ಒಂದು. ಅಡಿ, ಆರು.
ಅಡಿಗೆ ಎಂಬತ್ತರಂತೆ ನಾನೂರ ಎಂಬತ್ತು.
ಐನೂರು ಕೊಟ್ಟೆ.
ಅಂಗಿ ಜೇಬು, ಟ್ರಂಕು, ದೇವರ ಗೂಡು, ಎಲ್ಲ ತಡಕಿದರು,
ಚಿಲ್ಲರೆ ಇಲ್ಲ.
"ಇರ್ಲಿ ಬುಡು," ಅಂದರು,
"ಇಪ್ಪತ್ತು ರೂಪಾಯ್ಗೆ ಇನ್ನೊಂದು 'ಕ' ಬರ್ಕೊಡ್ತೀನಿ,
ಜೋಮು ಹಿಡ್ದದ್ದು."